ಗೋಬರ್ ಗ್ಯಾಸಿಗೆ ಸಾಕ್ಷಿ ಹೇಳಲು ಅಮೇರಿಕಕ್ಕೆ

ಪಾಳಾ, ಹೊರಡುವ ಮುನ್ನ

ನಾನು ಅಮೇರಿಕಕ್ಕೆ ಹೋಗಿಬಂದದ್ದು ಸೆಗಣಿಯ ದೆಸೆಯಿಂದ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ. ವಿದ್ಯೆಯಿಂದ ಹೋದವರಿದ್ದಾರೆ, ದುಡ್ಡಿನಿಂದ ಹೋದವರಿದ್ದಾರೆ. ನನ್ನ ಪಾಲಿಗೆ ಬಂದದ್ದು ಸೆಗಣಿ, ಅದಕ್ಕೆ ನಾನು ಋಣಿ.

ನನ್ನ ಹೆಸರು ಅಂತೋನ್. ಹಳಿಯಾಳದ ಕಡೆಯ ಸಿದ್ದಿ ಮನೆತನದವನು. ಐ.ಟಿ.ಐ. ಕಲಿತು, ಕೆಲವು ವರ್ಷ ಹಳಿಯಾಳದಲ್ಲಿ ಕರೆಂಟಿನ ಕಂಬಗಳ ಬುಡದಲ್ಲಿ ದುಡಿದು, ಆಮೇಲೆ ಮುಂಡಗೋಡ ತಾಲೂಕಿನಲ್ಲಿ ಗೋಬರ್ ಗ್ಯಾಸಿನ ತೊಟ್ಟಿ ಕಟ್ಟಿಸುವ ಕೆಲಸಕ್ಕೆ ಸೇರಿದೆ. ಪಾಳಾದ ಬಸನಗೌಡರ ಹಿತ್ತಲಲ್ಲಿ ಕಟ್ಟಿದ್ದೇ ನನ್ನ ಮೊದಲ ತೊಟ್ಟಿ. ಪೈಪು ಜೋಡಿಸಲು ಗೌಡರ ಅಡುಗೆಮನೆಯವರೆಗೆ ಹೋಗಿದ್ದೆ. ಊಟಕ್ಕೆ ಮಾತ್ರ ಕಟ್ಟೆಯ ತನಕ.

ಒಂದು ಮಳೆಗಾಲ, ಟಿಬೆಟಿಯನ್ನರ ಕ್ಯಾಂಪು ನೋಡಲು ಬಂದಿದ್ದ ಒಬ್ಬ ಬಿಳಿ ಹೆಂಗಸಿನ ಜೀಪು ಪಾಳಾದ ಗದ್ದೆಯ ಬದಿಯಲ್ಲಿ ಹೂತುಹೋಯಿತು. ಎತ್ತು ತರಿಸುವವರೆಗೆ ಗೌಡರು ಆಕೆಗೆ ಚಹಾ ಕೊಟ್ಟರು. ಚಹಾ ಕುದಿಸಿದ್ದು ಯಾವ ಬೆಂಕಿಯಿಂದ ಎಂದು ತಿಳಿದ ಮೇಲೆ ಆಕೆ ಜೀಪನ್ನು ಮರೆತೇಬಿಟ್ಟಳು. ಹಿತ್ತಲಿಗೆ ಹೋಗಿ ತೊಟ್ಟಿಯ ಸುತ್ತ ಮೂರು ಸಲ ತಿರುಗಿದಳು, ಬಗ್ಗಿ ಮೂಸಿದಳು, ಎಷ್ಟು ದನ, ಎಷ್ಟು ನೀರು ಎಂದು ನನ್ನನ್ನು ಕೇಳಿ ಬರೆದುಕೊಂಡಳು. ಆಕೆಯ ಹೆಸರು ಮಾರ್ತಾ. ನಮ್ಮ ಬಾಯಲ್ಲಿ ಮಾರ್ತಾಬಾಯಿ.

ಎರಡು ವರ್ಷದ ಮೇಲೆ ಆಕೆಯ ಪತ್ರ ಬಂತು. ಆಕೆ ತನ್ನ ರಾಜ್ಯದ ವಿಧಾನಸಭೆಗೆ ಆರಿಸಿಬಂದಿದ್ದಳು. ಅಲ್ಲಿ ಒಂದು ಮಸೂದೆ ಮಂಡಿಸಿದ್ದಳು: ಸೆಗಣಿಯ ಗ್ಯಾಸಿನಿಂದ ಇಂಜಿನ್ನು ಓಡಿಸಿಯೋ ಗಾಳಿಯಿಂದಲೋ ರೈತ ತಾನೇ ಕರೆಂಟು ಮಾಡಿಕೊಂಡರೆ, ಮಿಕ್ಕದ್ದನ್ನು ಕಂಪನಿಯ ತಂತಿಗೆ ಬಿಡಬಹುದು, ಕಂಪನಿ ಅದನ್ನು ಕೊಳ್ಳಲೇಬೇಕು. ಕಂಪನಿಗೆ ಅದು ಬೇಡ. ಮಸೂದೆಯನ್ನು ಪರಿಶೀಲಿಸುವ ಸಮಿತಿಯ ಸದಸ್ಯರಿಗೆ ಸೆಗಣಿಯ ಮಾತೆತ್ತಿದರೆ ನಗು. ಆದ್ದರಿಂದ ಸೆಗಣಿಯೊಡನೆ ದಿನವೂ ಬದುಕುವ ಇಬ್ಬರು ಬಂದು ಸಾಕ್ಷಿ ಹೇಳಬೇಕು, ಒಬ್ಬರು ಕಟ್ಟಿದವರು, ಒಬ್ಬರು ಬಳಸುವವರು. ಟಿಕೆಟ್ಟಿನ ಹೊಣೆ ಅಲ್ಲಿಯ ಒಂದು ರೈತರ ಸಂಸ್ಥೆಯದು.

ಗೌಡರಿಗೆ ಅರವತ್ತು ದಾಟಿತ್ತು. ಶಿರಸಿಯಿಂದಾಚೆಗೆ ಕಾಲಿಟ್ಟವರಲ್ಲ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಪತ್ರವನ್ನು ಎರಡು ಸಲ ಓದಿಸಿಕೊಂಡು ಅವರು ಹೇಳಿದ್ದು ಇಷ್ಟೇ:

"ನಮ್ಮ ಮನಿ ಚಾ ಕುಡದು ಹೋದಾಕಿ ಕರದಾಳ. ಹೋಗದಿದ್ರ ಹೆಂಗ?"

ಮುಂಬಯಿ, ವಿಮಾನದ ಬಾಗಿಲು

ನಮ್ಮಲ್ಲಿ ಬಸ್ಸಿನ ಸೀಟು ಹಿಡಿಯುವುದು ಕಿಟಕಿಯಿಂದ ಟವೆಲ್ ಎಸೆದು. ಮುಂಡಗೋಡದ ಸ್ಟ್ಯಾಂಡಿನಲ್ಲಿ ಗೌಡರ ಗುರಿ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಮುಂಬಯಿಯಲ್ಲಿ ವಿಮಾನದ ಕಿಟಕಿಗಳನ್ನು ನೋಡಿ ಅವರ ಮುಖ ಬಾಡಿತು. ಒಂದೂ ತೆರೆದಿರಲಿಲ್ಲ, ಮೇಲಾಗಿ ಎತ್ತರ. ಟವೆಲನ್ನು ನನ್ನ ಕೈಗೆ ಕೊಟ್ಟು ಮುಂದೆ ಓಡಲು ಹೇಳಿದರು. ಸೀಟಿಗೆ ನಂಬರ್ ಇದೆ ಎಂದು ವಿವರಿಸಲು ಹೊತ್ತಿರಲಿಲ್ಲ. ಓಡಿದೆ. ಒಳ್ಳೆಯ ಎರಡು ಸೀಟು ಹಿಡಿದೆ. ಸ್ವಲ್ಪ ಹೊತ್ತಿಗೆ ಕೋಟು ತೊಟ್ಟ ಗುಜರಾತಿ ದಂಪತಿ ಬಂದು ಟವೆಲಿನ ಮುಂದೆ ಕೈಕಟ್ಟಿ ನಿಂತರು. ಗಗನಸಖಿ ನಮ್ಮನ್ನು ಬಾಲದ ಕಡೆಗೆ ಕರೆದೊಯ್ದಳು.

"ಮೊದಲು ಬಂದಾವಗ ಜಾಗಾ ಇಲ್ಲ ಅಂದ್ರ ಇದೆಂಥಾ ಸರ್ವಿಸು" ಎಂದು ಗೌಡರು ಸಮುದ್ರ ದಾಟುವವರೆಗೆ ಗೊಣಗಿದರು.

ಕಸ್ಟಮ್ಸ್ ಕಟ್ಟೆ

ಅಮೇರಿಕದ ನೆಲದಲ್ಲಿ ನಮ್ಮನ್ನು ಮೊದಲು ಮಾತಾಡಿಸಿದವನು ಕಸ್ಟಮ್ಸಿನ ಅಧಿಕಾರಿ. ಗೌಡರ ಟ್ರಂಕಿನಿಂದ ಒಂದು ಡಬ್ಬಿ ಎತ್ತಿ ಮುಚ್ಚಳ ತೆಗೆದ. ಒಳಗೆ ಕಪ್ಪಗೆ ಒಣಗಿದ ಪುಡಿ. ನಾನೂ ಅದನ್ನು ನೋಡುತ್ತಿದ್ದುದು ಅದೇ ಮೊದಲು. ಏನೆಂದು ಗೌಡರನ್ನು ಕೇಳಿದೆ.

"ಹೆಪ್ಪು ಅಂತ ಹೇಳು."

ಹಾಲಿಗೆ ಹಾಕುವ ಹೆಪ್ಪೆಂದು ತಿಳಿದು, ಇದರಿಂದ ಮೊಸರು ಮಾಡುತ್ತೇವೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದು, ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಗೌಡರು ಬಿಡಿಸಿ ಹೇಳಿದರು. ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ಬಗ್ಗಡ ಹಾಕಿದರೆ ಗ್ಯಾಸು ಬೇಗ ಏಳುತ್ತದೆಂದು ನಾನೇ ಅವರಿಗೆ ಕಲಿಸಿದ್ದೆ. ಮಾರ್ತಾಬಾಯಿಯ ಊರಿನ ತೊಟ್ಟಿಗೆ ಉಡುಗೊರೆಯೆಂದು ತಮ್ಮ ತೊಟ್ಟಿಯ ಬಗ್ಗಡವನ್ನು ಬಿಸಿಲಿಗೆ ಒಣಗಿಸಿ ತಂದಿದ್ದರು. ನಾನು ಹೇಳಿಕೆಯನ್ನು ತಿದ್ದಿದೆ. ಮೊಸರಲ್ಲ, ಸೆಗಣಿ.

ಕೈಗವಸು ತೊಟ್ಟ ಇನ್ನಿಬ್ಬರು ಬಂದರು. ಆಗ ಸಿಕ್ಕಿದ್ದು ವಿಭೂತಿಯ ಗಟ್ಟಿ. ಅದೇನೆಂದು ಕೇಳಿದರು. ಸುಳ್ಳು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ, ಸುಟ್ಟ ಸೆಗಣಿ ಎಂದೆ. ಹಾಗಾದರೆ ಹಿರಿಯರ ಹಣೆಯ ಮೇಲಿರುವುದು? ಅದೂ ಅದೇ. ಇನ್ನೂ ಎಲ್ಲಾದರೂ ಸೆಗಣಿ ಇದೆಯೇ ಎಂದು ಕೇಳಿದರು. ಗೌಡರಿಗೆ ಇದು ಬೇಡಿಕೆಯಂತೆ ಕೇಳಿಸಿತು.

"ಸದ್ಯಾ ಇಷ್ಟ ಐತಿ, ಬೇಕಂದ್ರ ಊರಿಂದ ಕಳಸ್ತೇನಿ ಅನ್ನು."

ಇದನ್ನು ನಾನು ಅನುವಾದಿಸಲಿಲ್ಲ. ವಿಭೂತಿ ಬೂದಿಯಾದ್ದರಿಂದ ಬದುಕಿಕೊಂಡಿತು, ಡಬ್ಬಿ ಹೋಯಿತು. ದನದ ಕೊಟ್ಟಿಗೆ ತುಳಿದು ಬಂದ ಚಪ್ಪಲಿಗಳೆಂದು ನಮ್ಮ ಚಪ್ಪಲಿಗಳನ್ನೂ ಬಿಚ್ಚಿಸಿ, ಒಬ್ಬ ಅಧಿಕಾರಿ ತಾನೇ ಕೂತು ಔಷಧದ ನೀರಿನಲ್ಲಿ ತಿಕ್ಕಿ ತೊಳೆದ. ಗೌಡರು ಸಂಕೋಚದಿಂದ ಕುಗ್ಗಿಹೋದರು. ಸರಕಾರದ ಮನುಷ್ಯನ ಕೈಯಲ್ಲಿ ಚಪ್ಪಲಿ ತೊಳೆಸಿಕೊಂಡ ಪಾಪ ಯಾವ ಜನ್ಮಕ್ಕೆ ಹೋದೀತೆಂದು ದಾರಿಯುದ್ದಕ್ಕೂ ಕೇಳುತ್ತಿದ್ದರು. ನಮ್ಮೂರಲ್ಲಿ ಒಬ್ಬ ಗುಮಾಸ್ತ ನಮ್ಮ ಅರ್ಜಿ ಮುಟ್ಟಲು ಮೂರು ತಿಂಗಳು ಬೇಕು.

ಮಾರ್ತಾಬಾಯಿಯ ಊರು

ಇನ್ನೊಂದು ಸಣ್ಣ ವಿಮಾನ ಹತ್ತಿ ಇಳಿದಾಗ, ನಮ್ಮ ಹೆಸರು ಬರೆದ ಹಲಗೆ ಹಿಡಿದು ಸಂಸ್ಥೆಯ ಒಬ್ಬ ಯುವಕ ನಿಂತಿದ್ದ. ಗೌಡರ ಪೇಟ ಕಂಡು ಓಡಿಬಂದು ಕೈ ಕುಲುಕಿದ. ಆಮೇಲೆ ನನ್ನನ್ನು ದಾಟಿ ಅತ್ತಿತ್ತ ನೋಡುತ್ತ, ಇನ್ನೊಬ್ಬ ಭಾರತೀಯ ಎಲ್ಲಿ ಎಂದು ಕೇಳಿದ. ನಾನೇ ಎಂದೆ. ಅವನು ನಯವಾಗಿ ನಕ್ಕು ಮತ್ತೆ ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು, ಊರೊಳಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನ್ನನ್ನೇ ಕೇಳಿದಳು. ಅವಳ ಹಿಂದೆ ಸಾಮಾನಿನ ಗಾಡಿ ತಳ್ಳುತ್ತಿದ್ದ, ನನ್ನಂತೆಯೇ ಕಪ್ಪು ಬಣ್ಣದ, ಗುಂಗುರು ಕೂದಲಿನವನೊಬ್ಬ ನಿಂತು, ನನ್ನ ಹೆಗಲ ಮೇಲೆ ಕೈಯಿಟ್ಟು, ಹವಾಮಾನದ ಮೇಲೋ ಆಟದ ಮೇಲೋ ಒಂದೇ ಉಸಿರಿನಲ್ಲಿ ಏನೇನೋ ಹೇಳಿ, ನಕ್ಕು ಹೋದ. ನನಗೆ ಒಂದಕ್ಷರ ತಿಳಿಯಲಿಲ್ಲ, ನಾನೂ ನಕ್ಕೆ.

"ಇಲ್ಲೆ ನಿನ್ನ ಗುರ್ತಿನವರು ಭಾಳ ಮಂದಿ ಅದಾರಲ್ಲೋ" ಎಂದರು ಗೌಡರು.

ಮಾರ್ತಾಬಾಯಿ ಬಂದು ನನ್ನ ಕೈ ಹಿಡಿದ ಮೇಲೆಯೇ ಆ ಯುವಕ ನನ್ನನ್ನು ಭಾರತಕ್ಕೆ ಸೇರಿಸಿದ್ದು.

ಕಷ್ಟ ಶುರುವಾದದ್ದು ಊಟದಿಂದ. ಗೌಡರು ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನಕ್ಕೆ ಮುಗಿಯಿತು. ಮಾರ್ತಾಬಾಯಿ ಮಾಡಿದ್ದರಲ್ಲೆಲ್ಲ ಮೊಟ್ಟೆಯೋ ಇನ್ನೊಂದೋ ಇರುತ್ತಿತ್ತು. ಮೂರನೆಯ ದಿನ ಗೌಡರು ಬಾಳೆಹಣ್ಣಿನ ಮೇಲೆ ನಿಂತರು. ನಾಲ್ಕನೆಯ ದಿನ ಬಾಳೆಹಣ್ಣು ಕಂಡರೆ ಮುಖ ತಿರುಗಿಸಿದರು. ಸಾಕ್ಷಿಗೆ ಮುನ್ನ ಸಾಕ್ಷಿದಾರರೇ ಹೋದರೆ ಏನು ಗತಿಯೆಂದು ನಾನು ಅಂಗಡಿಗೆ ಹೋಗಿ ಗೋವಿನಜೋಳದ ಹಿಟ್ಟು, ಬದನೆಕಾಯಿ, ಮೆಣಸಿನಕಾಯಿ ತಂದೆ. ಮಾರ್ತಾಬಾಯಿಯ ಅಡುಗೆಮನೆಯಲ್ಲಿ ಬಿಸಿನೀರು ಹಾಕಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಮನೆಯಲ್ಲಿ ಯಾರೋ ಗೋಡೆ ಒಡೆಯುತ್ತಿದ್ದಾರೆಂದು ಮಾರ್ತಾಬಾಯಿ ಮೆಟ್ಟಿಲಿಳಿದು ಬಂದಳು.

ಗೌಡರು ಬಾಗಿಲಲ್ಲಿ ನಿಂತಿದ್ದರು. ಅವರ ತಲೆಯೊಳಗೆ ಏನು ನಡೆಯುತ್ತಿದೆಯೆಂದು ನನಗೆ ಗೊತ್ತಿತ್ತು. ಅವರ ಮನೆಯಲ್ಲಿ ನನ್ನ ತಾಟು ಕಟ್ಟೆಯ ಮೇಲಿರುತ್ತಿತ್ತು. ಇಲ್ಲಿ ಕಟ್ಟೆಯೂ ಇಲ್ಲ, ಬೇರೆ ಒಲೆಯೂ ಇಲ್ಲ. ಕೊನೆಗೆ ಅವರೇ ಬಂದು ಮೇಜಿನ ಮುಂದೆ ಕುಳಿತರು. ನಾಲ್ಕು ರೊಟ್ಟಿ ಆದವು. ಐದನೆಯದನ್ನು ಮುರಿಯುತ್ತ, "ಬದನಿಕಾಯಿಗೆ ಉಪ್ಪು ಕಡಿಮಿ ಆಗೇತಿ" ಎಂದರು. ಕೈ ತೊಳೆದ ಮೇಲೆ ಸ್ವಲ್ಪ ದನಿ ಇಳಿಸಿ, "ಇದನ್ನ ಪಾಳಾದಾಗ ಹೇಳಬ್ಯಾಡ" ಎಂದರು.

ನಾನು ಹೇಳಲಿಲ್ಲ. ಊರಿಗೆ ಮರಳಿದ ವಾರದೊಳಗೆ ಅವರೇ ಅಂಗಳ ತುಂಬಿದ ಮಂದಿಗೆ, ಅಂತೋನನ ಹಾಗೆ ರೊಟ್ಟಿ ಬಡಿಯಲು ನಮ್ಮ ಮನೆಯವರಿಗೂ ಬರುವುದಿಲ್ಲ ಎಂದು ಹೇಳಿ, ಮನೆಯವರ ಕೈಲಿ ಬೈಸಿಕೊಂಡರು.

ರಾಜಧಾನಿ, ವಿಧಾನಸಭೆಯ ಕ್ಯಾಂಟೀನು

ಆ ರಾಜ್ಯದ ವಿಧಾನಸಭೆಗೆ ಯಾರು ಬೇಕಾದರೂ ಹೋಗಬಹುದು. ಪಾಸು ಕೇಳಲಿಲ್ಲ, ಪೊಲೀಸರು ಬೆತ್ತ ಆಡಿಸಲಿಲ್ಲ. ಸುತ್ತುವ ಬಾಗಿಲಿನಲ್ಲಿ ಗೌಡರು ಎರಡು ಸುತ್ತು ಹೆಚ್ಚಿಗೆ ಹಾಕಿ ಹೊರಗೇ ಬಂದು ನಿಂತಾಗ, ಚಿಟ್ಟೆಯಾಕಾರದ ಟೈ ಕಟ್ಟಿದ ಒಬ್ಬ ದೊಡ್ಡಮನುಷ್ಯ ಅವರ ಕೈಹಿಡಿದು ಒಳಗೆ ತಂದ. ನಮಗೆ ಕ್ಯಾಂಟೀನು ತೋರಿಸಿ, ತಾನೇ ಕಾಫಿ ತಂದುಕೊಟ್ಟು, ಗೌಡರ ಪೇಟವನ್ನು ಮೆಚ್ಚಿ ಹೋದ. ಅವನು ಕರೆಂಟು ಕಂಪನಿಯ ವಕೀಲನೆಂದು ಮಾರ್ತಾಬಾಯಿ ಹೇಳಿದ ಮೇಲೂ ಗೌಡರು ನಂಬಲಿಲ್ಲ. ಅವರು ಕಂಡ ವಕೀಲರು ಎದುರು ಕಕ್ಷಿಯವರನ್ನು ಕಂಡರೆ ಕೆಮ್ಮುತ್ತಿದ್ದರು.

ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಹೆಂಗಸಿನ ಹೆಸರು ರೂಬಿ. ನನ್ನ ಅವ್ವನ ವಯಸ್ಸು, ಅವ್ವನದೇ ಕೂದಲು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ರೀತಿಯೂ ಅವ್ವನದೇ. ನನ್ನ ಮಾತು ಕೇಳಿ ನಿಮ್ಮವರು ಎಲ್ಲಿಯವರು ಎಂದಳು. ಹಳಿಯಾಳ ಎಂದೆ. ಅದಕ್ಕೂ ಮುಂಚೆ? ಗೋವಾದಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಕಾಡು ಹೊಕ್ಕವರೆಂದು ಅಜ್ಜಿ ಹೇಳುತ್ತಿದ್ದಳು ಎಂದೆ. ಅದಕ್ಕೂ ಮುಂಚೆ? ಹಡಗು ಎಂದೆ.

ಅವಳು ಸೌಟು ಕೆಳಗಿಟ್ಟಳು. ಸಾಲಿನಲ್ಲಿ ನಿಂತ ಶಾಸಕರನ್ನು ಹಾಗೆಯೇ ಬಿಟ್ಟು, ಒಳಗೆ ಹೋಗಿ, ತನಗಾಗಿ ಮನೆಯಿಂದ ತಂದಿದ್ದ ಅನ್ನ, ಕೆಂಪು ಕಾಳಿನ ಪಲ್ಯ ತಂದು ನನ್ನ ಮುಂದಿಟ್ಟಳು. ನಾನು ತಿನ್ನುವವರೆಗೆ ಎದುರಿಗೆ ಕುಳಿತಳು. ಏಳುವಾಗ ನನ್ನ ಕೋಟಿನ ಕಾಲರು ಸರಿಮಾಡಿ, ಒಳಗಿರುವವರಿಗೆ ಹೆದರಬೇಡ, ಅವರು ಏನೇನು ತಿನ್ನುತ್ತಾರೆಂದು ನನಗೆ ಗೊತ್ತು ಎಂದಳು.

"ಸಂಬಂಧಿಕರೇನು?" ಎಂದು ಗೌಡರು ಕೇಳಿದರು.

"ಗೊತ್ತಿಲ್ಲ ಗೌಡ್ರ. ಇರಬಹುದು."

ಸಮಿತಿಯ ಕೋಣೆ

ಸಾಕ್ಷಿ ಹೇಳುವವರಿಗೆ ಮೂರು ನಿಮಿಷ. ಮೇಜಿನ ಮೇಲೆ ಪುಟ್ಟ ದೀಪಗಳು, ಹಸಿರಿದ್ದರೆ ಮಾತಾಡಬಹುದು, ಕೆಂಪಾದರೆ ನಿಲ್ಲಿಸಬೇಕು. ಇಂಥ ದೀಪ ನಮ್ಮ ತಾಲೂಕಿನ ಸಭೆಗಳಲ್ಲಿ ಯಾಕಿಲ್ಲ ಎಂದು ಯೋಚಿಸಿದೆ. ಸಭೆಯ ದಿನ ಕರೆಂಟಿರುವುದಿಲ್ಲ, ಅದಕ್ಕೇ ಇರಬೇಕು. ಜೋಯಿಡಾದ ಕಡೆ ಸೂಪಾದಲ್ಲಿ ಕರೆಂಟಿಗೆಂದು ಅಣೆಕಟ್ಟು ಏಳುತ್ತಿತ್ತು. ನನ್ನ ಹೆಂಡತಿಯ ತವರು ಅದರ ನೀರಿಗೆ ಹೋಗುವ ಊರು, ಜನ ಆಗಲೇ ಗಂಟುಮೂಟೆ ಕಟ್ಟಿ ಹೊರಟಿದ್ದರು. ಕರೆಂಟು ಇನ್ನೂ ಬಂದಿರಲಿಲ್ಲ.

ಮೊದಲು ಗೌಡರು. ಅವರು ಎದ್ದು ಕೈಮುಗಿದು, ಈ ವರ್ಷ ಮಳೆ ಹೇಗಾಯಿತು, ಪೀಕು ಹೇಗಿದೆ, ದನಕರು ಸುಖವೇ ಎಂದು ಒಬ್ಬೊಬ್ಬ ಸದಸ್ಯರನ್ನೂ ವಿಚಾರಿಸಿದರು. ನಾನು ಅನುವಾದಿಸುತ್ತ ಹೋದೆ. ಐದನೆಯವರ ಕ್ಷೇಮ ಮುಗಿಯುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಅಧ್ಯಕ್ಷರು ಸ್ವತಃ ದನ ಸಾಕಿದ ಮುದುಕರು. ಅವರು ದೀಪದ ಮೇಲೆ ತಮ್ಮ ಟೋಪಿ ಇಟ್ಟು, ಮುಂದುವರಿಸಿ ಎಂದರು. ಗೌಡರಿಗೆ ಹೇಳುವುದು ಹೆಚ್ಚಿರಲಿಲ್ಲ. ಒಲೆ ಊದಿ ಊದಿ ನಮ್ಮ ಮನೆಯವರ ಕಣ್ಣಲ್ಲಿ ಸದಾ ನೀರು, ಈಗ ಇಲ್ಲ. ವಾಸನೆ ಬರುವುದಿಲ್ಲವೇ ಎಂದು ಒಬ್ಬ ಸದಸ್ಯ ನಗುತ್ತ ಕೇಳಿದ. ಬರುತ್ತದೆ, ಅನ್ನದ್ದು, ಎಂದರು ಗೌಡರು. ಅಧ್ಯಕ್ಷರು ಮೇಜು ಕುಟ್ಟಿ ನಕ್ಕರು. ಮಾರ್ತಾಬಾಯಿಯ ಮುಖ ಅರಳಿತು.

ಆಮೇಲೆ ವಕೀಲ ಎದ್ದ. ಸೆಗಣಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿರುಗಾಳಿಗೆ ತಂತಿ ಹರಿದಾಗ ಕಂಪನಿ ಲೈನು ಬಂದ್ ಮಾಡುತ್ತದೆ, ಲೈನ್‌ಮನ್ ಕಂಬ ಹತ್ತುತ್ತಾನೆ. ಆ ಹೊತ್ತಿಗೆ ಯಾವುದೋ ರೈತನ ಇಂಜಿನ್ನು ಹಿಂದಿನಿಂದ ತಂತಿಗೆ ಕರೆಂಟು ತಳ್ಳುತ್ತಿದ್ದರೆ? ಇಷ್ಟೇ ಕೇಳಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಆನೆಯಂಥ ಒಬ್ಬ ಲೈನ್‌ಮನ್ನನ್ನು ತೋರಿಸಿ ಕುಳಿತ.

ಅಧ್ಯಕ್ಷರು ನನ್ನ ಕಡೆ ತಿರುಗಿ, ಇದು ನಿಜವೇ ಎಂದರು.

ಈ ಪ್ರಶ್ನೆ ಬಂದರೆ ಅಪಾಯ ಬಹಳ ಕಡಿಮೆ ಎಂದು ಹೇಳಲು ಮಾರ್ತಾಬಾಯಿ ನನಗೆ ಕಲಿಸಿದ್ದಳು. ಬಾಯಿ ತೆರೆದೆ. ಬೇರೆಯೇ ಮಾತು ಬಂತು. ನಿಜ, ನಾನೇ ಕಂಡಿದ್ದೇನೆ ಎಂದೆ.

ಹಳಿಯಾಳದಲ್ಲಿ ನಾನು ಮಕ್ತುಂಸಾಬ್ ಎಂಬ ಲೈನ್‌ಮನ್ನನ ಕೈಕೆಳಗೆ ಇದ್ದೆ. ಒಂದು ಮಧ್ಯಾಹ್ನ ತಂತಿ ಜೋಡಿಸಬೇಕಿತ್ತು. ನಾನೇ ಹೋಗಿ ಫ್ಯೂಜು ಕಿತ್ತು, ಕಿಸೆಯಲ್ಲಿ ಹಾಕಿಕೊಂಡು ಬಂದು, ಚಾಚಾ ಹತ್ರಿ ಎಂದೆ. ಅವರು ಹತ್ತಿದರು. ಆ ಸಾಲಿನ ಒಂದು ಅಕ್ಕಿ ಗಿರಣಿಯವರು ಕರೆಂಟು ಹೋಯಿತೆಂದು ತಮ್ಮ ಡೀಸೆಲ್ ಜನರೇಟರ್ ಚಾಲೂ ಮಾಡಿದರು. ಕಂಬದಿಂದ ಚಾಚಾ ನನ್ನ ಕಾಲ ಬಳಿ ಬಿದ್ದರು. ಜೀವ ಉಳಿಯಿತು, ಎಡಗೈಯ ಮೂರು ಬೆರಳು ಹೋದವು. ಅಂತೋನ ಫ್ಯೂಜು ಕೀಳಲು ಮರೆತಿದ್ದ ಎಂದು ಆಮೇಲೆ ಮಾತು ಹುಟ್ಟಿತು. ನನ್ನ ಕಿಸೆಯಲ್ಲಿದ್ದ ಫ್ಯೂಜನ್ನು ಯಾರೂ ನೋಡಬಯಸಲಿಲ್ಲ. ನಾನು ಆ ಕೆಲಸ ಬಿಟ್ಟೆ.

ಇದನ್ನು ನಾನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಗುರುತಿಲ್ಲದ ಊರಿನಲ್ಲಿ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಮಾರ್ತಾಬಾಯಿ ಕಣ್ಣು ಮುಚ್ಚಿಕೊಂಡಿದ್ದಳು. ವಕೀಲ ಮೆಲ್ಲಗೆ ಫೈಲು ಮಡಚಿದ.

ಅಂದಿನಿಂದ ನಾನು ಯೋಚಿಸುತ್ತ ಬಂದದ್ದನ್ನೂ ಹೇಳಿಬಿಟ್ಟೆ. ಗಿರಣಿಯ ಹೊರಗೋಡೆಗೆ ಒಂದು ಪೆಟ್ಟಿಗೆ, ಅದರಲ್ಲಿ ಒಂದು ಸ್ವಿಚ್ಚು ಇದ್ದಿದ್ದರೆ ಸಾಕಿತ್ತು. ಲೈನ್‌ಮನ್ ತಾನೇ ಅದನ್ನು ಕೆಳಗೆಳೆದು, ತನ್ನ ಬೀಗ ಜಡಿದು, ಬೀಗದಕೈ ಜೇಬಿಗೆ ಹಾಕಿಕೊಂಡು ಹತ್ತಬೇಕು. ಒಳಗಿನವರು ಏನು ಮಾಡಿದರೂ ಕರೆಂಟು ಹೊರಗೆ ಬರುವುದಿಲ್ಲ.

ಅಂಥ ಪೆಟ್ಟಿಗೆ ಇದ್ದರೆ ನಿಮ್ಮ ಆಕ್ಷೇಪ ಏನು ಎಂದು ಅಧ್ಯಕ್ಷರು ವಕೀಲನನ್ನು ಕೇಳಿದರು. ಅವನು ಮಡಚಿದ ಫೈಲನ್ನು ಮತ್ತೆ ಬಿಚ್ಚಿ ಹಾಳೆ ತಿರುವಿದ, ಬಹಳ ಹಾಳೆ ತಿರುವಿದ. ಆಗ ಹಿಂದಿನ ಸಾಲಿನ ಲೈನ್‌ಮನ್ ಕೇಳದೆಯೇ ಎದ್ದು ನಿಂತ. ಬೀಗದಕೈ ನನ್ನ ಜೇಬಿನಲ್ಲಿದ್ದರೆ ನಾನು ಹತ್ತುತ್ತೇನೆ, ರೈತ ಸೆಗಣಿಯಿಂದ ಮಾಡಲಿ, ಸೋಪಿನಿಂದ ಮಾಡಲಿ ಎಂದ. ಅವನನ್ನು ಕರೆತಂದ ವಕೀಲನಿಗಿಂತ ದುಃಖಿ ಮನುಷ್ಯನನ್ನು ಅಂದು ನಾನು ಕಾಣಲಿಲ್ಲ.

ಹೊರಗೆ ಬಂದ ಮೇಲೆ ಮಾರ್ತಾಬಾಯಿ, ಮೊದಲೇ ಯಾಕೆ ಹೇಳಲಿಲ್ಲ ಎಂದಳು. ಯಾರೂ ಕೇಳಿರಲಿಲ್ಲ ಎಂದೆ.

ಮರುದಿನ

ಪೆಟ್ಟಿಗೆಯ ಮಾತನ್ನು ಸೇರಿಸಿ ಮಸೂದೆಯನ್ನು ತಿದ್ದಿ ಮತಕ್ಕೆ ಹಾಕಿದರು. ಪರವಾಗಿರುವವರು ಕೈ ಎತ್ತಿ ಎಂದರು. ಎಣಿಸಿದ ಗುಮಾಸ್ತೆ ಗೊಂದಲಕ್ಕೆ ಬಿದ್ದು ಮತ್ತೆ ಎಣಿಸಿದಳು. ಸಮಿತಿಯ ಸದಸ್ಯರು ಎತ್ತಿದ್ದಕ್ಕಿಂತ ಒಂದು ಕೈ ಹೆಚ್ಚು ಬರುತ್ತಿತ್ತು. ನನ್ನ ಪಕ್ಕದಲ್ಲಿ ಗೌಡರು ಬಲಗೈ ನೆಟ್ಟಗೆ ಎತ್ತಿ ಕೂತಿದ್ದರು. ಇಳಿಸಿರೆಂದರೆ, ಸಭೆಗೆ ಬಂದ ಮೇಲೆ ಕೈ ಎತ್ತದೆ ಕೂತು ಅಭ್ಯಾಸವಿಲ್ಲ ಎಂದರು. ಅವರ ಕೈ ಕಳೆದ ಮೇಲೂ ಮಸೂದೆ ಒಂದು ಮತದಿಂದ ಗೆದ್ದಿತು. ವಕೀಲ ಬಂದು ಇಬ್ಬರ ಕೈಯನ್ನೂ ಕುಲುಕಿ ಮತ್ತೆ ಕಾಫಿ ಕೊಡಿಸಿದ. ಗೌಡರು ಅವನನ್ನು ಪಾಳಾಕ್ಕೆ ಕರೆದರು.

ಹಳಿಯಾಳ

ಮುಂದಿನ ಮಳೆಗಾಲಕ್ಕೆ ಮಾರ್ತಾಬಾಯಿಯ ಪತ್ರ ಬಂತು. ಎರಡೂ ಸದನ ದಾಟಿ ಮಸೂದೆ ಕಾಯಿದೆಯಾಗಿತ್ತು, ಪೆಟ್ಟಿಗೆ ಮತ್ತು ಬೀಗದ ಕಲಮು ಅದರಲ್ಲಿ ಇತ್ತು. ಆ ಉಬ್ಬಿನಲ್ಲಿ ನಾನು ಹಳಿಯಾಳದ ಕರೆಂಟಿನ ಆಫೀಸಿಗೆ ಹೋಗಿ, ನಮ್ಮ ಗಿರಣಿಗಳಿಗೂ ಇಂಥದು ಹಾಕಿಸಬಹುದಲ್ಲ ಎಂದು ಕೇಳಿದೆ. ಅಲ್ಲಿಯ ಸಾಹೇಬರು ಕೂರಿಸಿ, ಅಮೇರಿಕದ ಚಳಿಯ ಬಗ್ಗೆ ವಿಚಾರಿಸಿ, ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಅದು ಬೆಂಗಳೂರಿಗೆ ಹೋಗಬೇಕು, ಅಲ್ಲಿ ಕಾಯಿದೆ ಆಗಬೇಕು ಎಂದರು. ದಸರೆ ಹೋಯಿತು, ದೀಪಾವಳಿ ಹೋಯಿತು.

ಒಂದು ಭಾನುವಾರ ಹಳಿಯಾಳದ ಕಡೆಯ ನಮ್ಮ ಮನೆಗೆ ಬಂದಿದ್ದೆ, ಇಗರ್ಜಿಯಿಂದ ಮರಳುವಷ್ಟರಲ್ಲಿ ಅಂಗಳದಲ್ಲಿ ಒಂದು ಸೈಕಲ್ಲು ನಿಂತಿತ್ತು. ಕಟ್ಟೆಯ ಮೇಲೆ ಮಕ್ತುಂಸಾಬ್ ಚಾಚಾ ಕೂತಿದ್ದರು. ಅವರು ಬಿದ್ದ ಮೇಲೆ, ನಾನು ಊರಿಗೆ ಬಂದಾಗ ಅವರನ್ನು ದೂರದಿಂದ ಕಂಡರೂ ದಾರಿ ಬದಲಿಸುತ್ತಿದ್ದೆ. ಮನೆಗೆ ಬಂದದ್ದು ಇದೇ ಮೊದಲು.

"ಅಮೇರಿಕಾದಾಗ ನನ್ನ ಕತಿ ಹೇಳಿದೆಂತ. ಪಾಳಾದ ಗೌಡ್ರು ಸಂತ್ಯಾಗ ಸಿಕ್ಕಿದ್ರು."

ಹೌದು ಎಂದೆ. ಅವರು ಬೆರಳು ಕಳೆದುಕೊಂಡ ಎಡಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದರು:

"ಫ್ಯೂಜು ನಿನ್ನ ಕಿಸೇದಾಗ ಇತ್ತು ಅನ್ನೂದು ನನಗ ಅವತ್ತ ಗೊತ್ತಿತ್ತೋ ಬೇಟಾ. ಬೀಳೂ ಹೊತ್ತಿನ್ಯಾಗ ಗಿರಣಿ ಸದ್ದು ಕೇಳಿಸಿತ್ತು. ಹೇಳೂಣಂದ್ರ ನೀನ ಊರು ಬಿಟ್ಟಿದ್ದಿ."

ನಾನು ಒಳಗೆ ಹೋಗಿ ಚಹಾ ಇಡಲು ಹೇಳಿ ಬಂದೆ. ಬರುವಷ್ಟರಲ್ಲಿ ಚಾಚಾ ಜೇಬಿನಿಂದ ಒಂದು ಹಾಳೆ, ಪೆನ್ಸಿಲ್ಲಿನ ತುಂಡು ತೆಗೆದಿಟ್ಟಿದ್ದರು. ಆ ಪೆಟ್ಟಿಗೆ ಹೇಗಿರುತ್ತದೆ, ಅಳತೆ ಸಹಿತ ಬರೆದು ತೋರಿಸು ಎಂದರು. ಕಮ್ಮಾರ ಗುರುತಿನವನಿದ್ದಾನೆ, ಮೂರು ಗಿರಣಿಯವರನ್ನು ನಾನೇ ಒಪ್ಪಿಸಿ ಬಂದಿದ್ದೇನೆ ಎಂದರು. ನಾನು ಪೆನ್ಸಿಲ್ ಹಿಡಿದವನು ನಿಲ್ಲಿಸಿ, ಇಲ್ಲಿ ಇನ್ನೂ ಕಾಯಿದೆ ಆಗಿಲ್ಲ ಚಾಚಾ ಎಂದೆ.

"ಕಾಯ್ದೆ ಬರೂತನಕ ನಾ ಕಂಬದ ಮ್ಯಾಲ ಕುಂತು ಕಾಯ್ಲೇನು? ಬರಿ."

ಬರೆದೆ.